ಮುಪ್ಪಿನ ಹೃದಯ ತುರ್ತು: ತಾಲೂಕಾ ಆಸ್ಪತ್ರೆಯ ಮೊದಲ ಕೆಲವು ತಾಸು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಜಮಖಂಡಿ, ಹುನಗುಂದ, ಅಥಣಿ, ರಾಮದುರ್ಗದಂಥ ಊರುಗಳ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವ ವೈದ್ಯರು ಮತ್ತು ಸ್ಟಾಫ್ ನರ್ಸ್‌ಗಳಿಗಾಗಿ ಇದನ್ನು ಬರೆದಿದ್ದೇವೆ. ಹೃದಯದ ರಕ್ತನಾಳ ತೆರೆಯುವ ಕ್ಯಾಥ್ ಲ್ಯಾಬ್ ಬೇಕೆಂದರೆ ಇಲ್ಲಿಂದ ವಿಜಯಪುರ, ಬಾಗಲಕೋಟೆ ಅಥವಾ ಬೆಳಗಾವಿ ನಗರಕ್ಕೆ ಹೋಗಬೇಕು. ಗಡಿ ಭಾಗದವರು ಮಿರಜ, ಸೊಲ್ಲಾಪುರದ ಕಡೆ ಗಾಡಿ ತಿರುಗಿಸುತ್ತಾರೆ. ಆ ದಾರಿಯ ಹೊತ್ತಿನಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಹಾಗಾಗಿ ಮೊದಲ ಚಿಕಿತ್ಸೆ ನಮ್ಮ ಕೈಯಲ್ಲೇ ಆಗಬೇಕು.

ಎಪ್ಪತ್ತೈದು ದಾಟಿದವರ ವಿಷಯದಲ್ಲಿ ಎರಡು ತಪ್ಪು ಹೆಚ್ಚು. ಒಂದು, ‘ವಯಸ್ಸಾಗ್ಯಾವ, ತಡಕೊಳ್ಳಾಂಗಿಲ್ಲ’ ಎಂದು ಚಿಕಿತ್ಸೆಯನ್ನೇ ಬಿಟ್ಟುಬಿಡುವುದು. ಇನ್ನೊಂದು, ಐವತ್ತರ ಗಂಡಸಿಗೆ ಕೊಡುವ ಅಳತೆಯನ್ನೇ ನಲವತ್ತೈದು ಕಿಲೋದ ಅಜ್ಜಿಗೂ ಕೊಡುವುದು. ಅಳತೆ ಇಳಿಸಿ, ಚಿಕಿತ್ಸೆ ಮಾತ್ರ ಬಿಡಬೇಡಿ. ಮುಂದಿನದೆಲ್ಲ ಈ ಮಾತಿನ ವಿವರ.

ಎದೆನೋವು ಇಲ್ಲದ ಹಾರ್ಟ್ ಅಟ್ಯಾಕ್

ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹೃದಯಾಘಾತ ಎದೆನೋವಾಗಿಯೇ ಬರಬೇಕೆಂದಿಲ್ಲ. ಅವರು ಹೇಳುವ ಮಾತುಗಳೇ ಬೇರೆ: ‘ದಮ್ಮು ಹತ್ತೇದ’, ‘ಜೀವ ಕಳವಳಸಾಕತ್ತದ’, ‘ಕಣ್ಣಿಗೆ ಕತ್ತಲ ಬಂತು’, ‘ಗ್ಯಾಸ್ ಆಗೇದ’, ‘ಕೈಕಾಲಾಗ ಶಕ್ತಿನ ಇಲ್ಲ’. ಮನೆಯವರು ಹೇಳುವುದು ಇನ್ನೊಂದು ಬಗೆ: ‘ನಿನ್ನೆಯಿಂದ ಏನೇನೋ ಮಾತಾಡಾಕತ್ತಾರ’, ‘ಉಣ್ಣಲಿಲ್ಲ, ಸುಮ್ನ ಮಲಗ್ಯಾರ’. ಬಚ್ಚಲಲ್ಲಿ ಬಿದ್ದು ಸೊಂಟ ಉಳುಕಿಸಿಕೊಂಡು ಬಂದ ಮುದುಕರು ಯಾಕೆ ಬಿದ್ದರು ಎಂದು ಕೇಳದೆ ಎಕ್ಸ್‌ರೇಗೆ ಕಳಿಸಬೇಡಿ. ಕಾಲು ಜಾರಿ ಬಿದ್ದರೋ, ಎಚ್ಚರ ತಪ್ಪಿ ಬಿದ್ದರೋ ಎಂಬುದರ ಮೇಲೆ ಇಡೀ ದಾರಿ ಬದಲಾಗುತ್ತದೆ.

ಕೇಳುವ ಪ್ರಶ್ನೆಯೂ ಸ್ಪಷ್ಟವಾಗಿರಲಿ. ‘ಎದಿ ನೋವು ಐತೇನ್ರೀ?’ ಎಂದರೆ ‘ಇಲ್ಲ’ ಎನ್ನುತ್ತಾರೆ, ಏಕೆಂದರೆ ಅವರಿಗೆ ಅದು ನೋವಲ್ಲ, ಬಿಗಿ. ಹೀಗೆ ಕೇಳಿ: ‘ಮುತ್ಯಾರ, ಎದಿ ಮ್ಯಾಲೆ ಭಾರ ಇಟ್ಟಂಗ, ಹಿಂಡಿದಂಗ ಆಗ್ತದೇನ್ರೀ? ಮೊನ್ನೆ ಮಟ ಹೊಲಕ್ಕ ನಡಕೊಂತ ಹೋಗ್ತಿದ್ರಿ, ಈಗ ಬಚ್ಚಲಕ್ಕ ಹೋಗಾಕೂ ದಮ್ಮು ಹತ್ತತೈತೇನು?’ ಎರಡನೆಯ ಪ್ರಶ್ನೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಎರಡು ವಾರದ ಹಿಂದೆ ಈ ಮನುಷ್ಯ ಹೇಗಿದ್ದ ಎಂಬುದು ಅದರಿಂದ ತಿಳಿಯುತ್ತದೆ. ಸ್ಟ್ರೆಚರ್ ಮೇಲೆ ಬೆವತು ಮಲಗಿದ ಎಂಬತ್ತರ ಮುತ್ಯಾ ಮೊನ್ನೆ ಸ್ವತಃ ಎಮ್ಮೆ ಹಿಂಡಿದವರಿರಬಹುದು. ಎಷ್ಟು ದೂರ ಚಿಕಿತ್ಸೆ ಕೊಡಬೇಕೆಂಬುದನ್ನು ಅದರಿಂದ ಅಳೆಯಿರಿ, ಇವತ್ತಿನ ಸ್ಥಿತಿಯಿಂದಲ್ಲ.

ಮೊದಲ ಹತ್ತು ನಿಮಿಷ

ಬಾಗಿಲು ದಾಟಿದ ಹತ್ತು ನಿಮಿಷದೊಳಗೆ ಈಸಿಜಿ ಕೈಯಲ್ಲಿರಬೇಕು. ಒಬ್ಬರು ಈಸಿಜಿ ಹಚ್ಚುತ್ತಿದ್ದಂತೆ ಇನ್ನೊಬ್ಬರು ಎರಡೂ ತೋಳಿನ ಬಿಪಿ, ಆಕ್ಸಿಜನ್ ಮಟ್ಟ, ಗ್ಲುಕೋಮೀಟರಿನಲ್ಲಿ ಸಕ್ಕರೆ ನೋಡಲಿ. ಸಕ್ಕರೆ ಕಡಿಮೆಯಾದರೂ ಮನುಷ್ಯ ಹೀಗೇ ಬೆವರಿ ತಡವರಿಸುತ್ತಾನೆ. ಎರಡು ತೋಳಿನ ಬಿಪಿಯಲ್ಲಿ 20ಕ್ಕಿಂತ ಹೆಚ್ಚು ಅಂತರವಿದ್ದು, ನೋವು ಬೆನ್ನಿಗೆ ಹರಿದಂತೆ ಹೊಡೆದಿದ್ದರೆ ಮಹಾಪಧಮನಿ ಸೀಳಿರಬಹುದು. ಅಂಥವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಜೀವ ಹೋಗುತ್ತದೆ.

ವಯಸ್ಸಾದವರ ಈಸಿಜಿ ಕೆಡುವುದು ಸಣ್ಣ ಕಾರಣಗಳಿಗೆ. ಎದೆಗೆ ಎಣ್ಣೆ, ಬಾಮು ತಿಕ್ಕಿ ಕರೆತಂದಿರುತ್ತಾರೆ. ಸ್ಪಿರಿಟ್ ಹತ್ತಿಯಿಂದ ಒರೆಸದೆ ಲೀಡ್ ಹಚ್ಚಿದರೆ ಗೆರೆ ಕುಣಿಯುತ್ತದೆ. ಅಜ್ಜಿಯರಲ್ಲಿ ವಿ4 ಲೀಡನ್ನು ಜೋತ ಸ್ತನದ ಮೇಲೆ ಇಡದೆ, ಸ್ತನವನ್ನು ಮೆಲ್ಲಗೆ ಎತ್ತಿ ಐದನೇ ಪಕ್ಕೆಲುಬಿನ ಸಂದಿಗೆ ಕೂಡಿಸಬೇಕು. ಕೈ ನಡುಗುವವರಿದ್ದರೆ ಕೈಕಾಲಿನ ಲೀಡ್‌ಗಳನ್ನು ಮಣಿಕಟ್ಟಿನಿಂದ ಮೇಲೆ, ತೋಳಿನ ಕಡೆ ಸರಿಸಿ, ಹಾಗೆ ಮಾಡಿದ್ದನ್ನು ಕಾಗದದ ಮೇಲೆ ಬರೆಯಿರಿ. ದಮ್ಮಿನಿಂದ ಅಂಗಾತ ಮಲಗಲಾಗದವರನ್ನು ಮಲಗಿಸಲು ಒತ್ತಾಯಿಸಬೇಡಿ. ಒರಗಿಸಿಯೇ ತೆಗೆದು, ‘ಕುಳಿತು ತೆಗೆದದ್ದು’ ಎಂದು ಬರೆದರಾಯಿತು.

ಪಕ್ಕಪಕ್ಕದ ಎರಡು ಲೀಡ್‌ಗಳಲ್ಲಿ ಎಸ್‌ಟಿ ಗೆರೆ (ಕ್ಯೂಆರ್‌ಎಸ್ ಮತ್ತು ಟಿ ಅಲೆಗಳ ನಡುವಿನ ಭಾಗ) 1 ಮಿ.ಮೀ. ಏರಿದ್ದರೆ ದೊಡ್ಡ ಹೃದಯಾಘಾತ ಎಂದೇ ಹಿಡಿಯಿರಿ. ವಿ2, ವಿ3ರಲ್ಲಿ ಮಾತ್ರ ಈ ವಯಸ್ಸಿನ ಗಂಡಸರಿಗೆ 2 ಮಿ.ಮೀ., ಹೆಂಗಸರಿಗೆ 1.5 ಮಿ.ಮೀ. ಬೇಕು. 2, 3, ಎವಿಎಫ್ ಲೀಡ್‌ಗಳಲ್ಲಿ ಏರಿದ್ದರೆ ವಿ4 ಲೀಡನ್ನು ಬಲಗಡೆ ಅದೇ ಜಾಗಕ್ಕೆ ಹಚ್ಚಿ ಮತ್ತೊಂದು ಗೆರೆ ತೆಗೆಯಿರಿ. ಅಲ್ಲೂ ಏರಿದ್ದರೆ ಬಲ ಹೃತ್ಕುಕ್ಷಿಗೆ ಪೆಟ್ಟಾಗಿದೆ. ಅಂಥವರಿಗೆ ನಾಲಿಗೆ ಕೆಳಗೆ ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆ ಇಟ್ಟರೆ ಬಿಪಿ ಪಾತಾಳಕ್ಕಿಳಿಯುತ್ತದೆ. ವಿ1ರಿಂದ ವಿ4ವರೆಗೆ ಎಸ್‌ಟಿ ಕೆಳಗಿಳಿದಿದ್ದರೆ ಬೆನ್ನ ಕಡೆ ವಿ7, ವಿ8, ವಿ9 ಹಚ್ಚಿ ನೋಡದೆ ಬಿಡಬೇಡಿ. ಹಿಂಭಾಗದ ಹೃದಯಾಘಾತ ಅಡಗಿರುವುದು ಅಲ್ಲಿ. ಮೊದಲ ಈಸಿಜಿ ಸರಿಯಿದ್ದು ಅನುಮಾನ ಉಳಿದಿದ್ದರೆ 15–30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಿರಿ. ಹಳೆಯ ಈಸಿಜಿ ಮನೆಯಲ್ಲಿದ್ದರೆ ಮೊಬೈಲಿನಲ್ಲಿ ಫೋಟೋ ತರಿಸಿಕೊಳ್ಳಿ. ಲೆಫ್ಟ್ ಬಂಡಲ್ ಬ್ಲಾಕ್ (ಹೃದಯದ ಎಡ ವಿದ್ಯುತ್ ದಾರಿಯ ತಡೆ) ಹಳೆಯದೋ ಹೊಸದೋ ಎಂಬ ಗೊಂದಲ ಒಂದೇ ಕ್ಷಣದಲ್ಲಿ ಬಗೆಹರಿಯುತ್ತದೆ.

ಆಸ್ಪಿರಿನ್ 300 ಮಿ.ಗ್ರಾಂ ಅಗಿಯಲು ಕೊಡಿ. ಹಲ್ಲಿಲ್ಲದವರು ಅದನ್ನು ಹಾಗೇ ನುಂಗಿಬಿಡುತ್ತಾರೆ, ಲೇಪನವಿರುವ ಮಾತ್ರೆಯಾದರೆ ರಕ್ತಕ್ಕೆ ಸೇರಲು ತಾಸುಗಟ್ಟಲೆ ಬೇಕು. ಪುಡಿ ಮಾಡಿ ಚಮಚದಲ್ಲಿ ಕೊಡಿ. ಬಾಯಲ್ಲಿ ತಂಬಾಕು, ಎಲೆಅಡಿಕೆ ಇದ್ದರೆ ಉಗುಳಿಸಿ ಮುಕ್ಕಳಿಸಿ. ಸಾರ್ಬಿಟ್ರೇಟ್ 5 ಮಿ.ಗ್ರಾಂ ಕೊಡುವಾಗ ಬಾಯಿ ಒಣಗಿದ್ದರೆ ಮೊದಲು ಒಂದು ಗುಟುಕು ನೀರಿನಿಂದ ತೊಯಿಸಿ, ಇಲ್ಲದಿದ್ದರೆ ಮಾತ್ರೆ ಕರಗುವುದೇ ಇಲ್ಲ. ಮೇಲಿನ ಬಿಪಿ 90ಕ್ಕಿಂತ ಕಡಿಮೆ ಇದ್ದರೆ ಕೊಡಬೇಡಿ. ಆಕ್ಸಿಜನ್ ಮಟ್ಟ 90ಕ್ಕಿಂತ ಕೆಳಗಿದ್ದರೆ ಮಾತ್ರ ಮಾಸ್ಕ್ ಹಾಕಿ. ಎಲ್ಲರಿಗೂ ಆಕ್ಸಿಜನ್ ಹಚ್ಚುವ ರೂಢಿಯಿಂದ ಲಾಭವಿಲ್ಲ.

ನೋವಿಗೆಂದು ಸೊಂಟಕ್ಕೆ ಡೈಕ್ಲೋಫೆನಾಕ್ ಚುಚ್ಚಬೇಡಿ. ಊರಲ್ಲಿ ಯಾರಾದರೂ ಚುಚ್ಚಿ ಕಳಿಸಿದ್ದಾರೆಯೇ ಎಂದೂ ಕೇಳಿ. ಹೆಪ್ಪು ಕರಗಿಸುವ ಔಷಧ ಕೊಟ್ಟ ಮೇಲೆ ಆ ಸೂಜಿಯ ಜಾಗದಲ್ಲಿ ಅಂಗೈಯಗಲ ರಕ್ತ ಕಟ್ಟಬಹುದು. ಹಾಗಿದ್ದಾಗ ಆ ಜಾಗ ಬಿಗಿಯಾಗಿ ಒತ್ತಿಕಟ್ಟಿ ಮುಂದುವರಿಯಿರಿ.

ಎಸ್‌ಟಿ ಏರಿದೆ: ಟೆನೆಕ್ಟೆಪ್ಲೇಸ್ ಕೊಡುವ ಬಗೆ

ಕೇಳಬೇಕಾದ ಮೊದಲ ಪ್ರಶ್ನೆ: ಈಗ ಹೊರಟರೆ ಎರಡು ತಾಸಿನೊಳಗೆ ಕ್ಯಾಥ್ ಲ್ಯಾಬಿನಲ್ಲಿ ರಕ್ತನಾಳ ತೆರೆದಿರುತ್ತದೆಯೇ? ಆಸ್ಪತ್ರೆಯ ಗೇಟು ಮುಟ್ಟುವ ಹೊತ್ತಲ್ಲ, ನಾಳ ತೆರೆಯುವ ಹೊತ್ತು. ಆಂಬುಲೆನ್ಸ್ ಬರಬೇಕು, ರಸ್ತೆ ಸಾಗಬೇಕು, ಅಲ್ಲಿ ತಂಡ ಸೇರಬೇಕು. ನಮ್ಮ ಹೆಚ್ಚಿನ ತಾಲೂಕುಗಳಿಗೆ ಉತ್ತರ ‘ಇಲ್ಲ’ ಎಂದೇ ಬರುತ್ತದೆ. ಹಾಗಾದರೆ ಇಲ್ಲೇ ಹೆಪ್ಪು ಕರಗಿಸಿ, ಆಮೇಲೆ ಕಳಿಸಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕಾ ಆಸ್ಪತ್ರೆಯಿಂದ ಈಸಿಜಿಯನ್ನು ಹಬ್ ಆಸ್ಪತ್ರೆಯ ತಜ್ಞರಿಗೆ ಕಳಿಸಿ ಅವರ ಸಲಹೆ ಪಡೆಯುವ ವ್ಯವಸ್ಥೆ ಇದೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಅದನ್ನು ಬಳಸಿಕೊಳ್ಳಿ.

ತೊಂದರೆ ಶುರುವಾಗಿ 12 ತಾಸಿನೊಳಗೆ ಇರಬೇಕು. ಮೊದಲ ಮೂರು ತಾಸಿನಲ್ಲಿ ಗುಣ ಅತಿ ಹೆಚ್ಚು. ಕೊಡುವ ಮುಂಚೆ ಇವನ್ನು ಬಾಯಿಬಿಟ್ಟು ಕೇಳಿ: ಹಿಂದೆ ಎಂದಾದರೂ ಮಿದುಳಿನಲ್ಲಿ ರಕ್ತಸ್ರಾವ ಆಗಿತ್ತೇ? ಆರು ತಿಂಗಳಲ್ಲಿ ಲಕ್ವ ಹೊಡೆದಿತ್ತೇ? ಒಂದು ತಿಂಗಳಲ್ಲಿ ದೊಡ್ಡ ಆಪರೇಷನ್, ತಲೆಗೆ ಪೆಟ್ಟು, ಕಪ್ಪು ಮಲ? ರಕ್ತ ತೆಳುವಾಗಿಸುವ ಮಾತ್ರೆ ನಡೆದಿದೆಯೇ? ಬಿದ್ದು ಬಂದವರ ತಲೆಯನ್ನು ಕೈಯಾಡಿಸಿ ನೋಡಿ, ಸೆರಗು, ಟೋಪಿ, ರುಮಾಲಿನ ಕೆಳಗೆ ಬುಗುಟು ಇರಬಹುದು. ಬಿಪಿ 180/110 ದಾಟಿದ್ದರೆ ಮೊದಲು ಇಳಿಸಿ, ಆಮೇಲೆ ಕೊಡಿ.

75 ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಟೆನೆಕ್ಟೆಪ್ಲೇಸ್ ಅರ್ಧ ಅಳತೆ. ಪೂರ್ತಿ ಕೊಟ್ಟರೆ ಮಿದುಳಿನ ರಕ್ತಸ್ರಾವದ ಅಪಾಯ ಏರುತ್ತದೆ. ಮಿಲಿಗೆ 5 ಮಿ.ಗ್ರಾಂ ಆಗುವಂತೆ ಕಲಸಿದಾಗ ಅರ್ಧ ಅಳತೆ ಹೀಗೆ:

60 ಕಿಲೋಗಿಂತ ಕಡಿಮೆ: 15 ಮಿ.ಗ್ರಾಂ, ಅಂದರೆ 3 ಮಿ.ಲೀ.
60ರಿಂದ 69: 17.5 ಮಿ.ಗ್ರಾಂ, 3.5 ಮಿ.ಲೀ.
70ರಿಂದ 79: 20 ಮಿ.ಗ್ರಾಂ, 4 ಮಿ.ಲೀ.
80ರಿಂದ 89: 22.5 ಮಿ.ಗ್ರಾಂ, 4.5 ಮಿ.ಲೀ.
90 ಮತ್ತು ಮೇಲೆ: 25 ಮಿ.ಗ್ರಾಂ, 5 ಮಿ.ಲೀ.

ತೂಕ ಅಂದಾಜಿಸಬೇಡಿ. ನಿಲ್ಲಲಾಗದವರಾದರೆ ಮನೆಯವರನ್ನು ಕೇಳಿ, ಹಳೆಯ ಚೀಟಿ ನೋಡಿ. ಬಾಟಲಿಯೊಂದಿಗೆ ಬಂದ ನೀರಿನಲ್ಲೇ ಕಲಸಿ. ಅಲುಗಾಡಿಸಿದರೆ ನೊರೆ ಬರುತ್ತದೆ, ಅಂಗೈಯಲ್ಲಿ ಮೆಲ್ಲಗೆ ತಿರುಗಿಸಿ. ಡೆಕ್ಸ್ಟ್ರೋಸ್ ಓಡುತ್ತಿರುವ ಸಲೈನ್ ಪೈಪಿನಲ್ಲಿ ಹಾಕಿದರೆ ಔಷಧ ಒಡೆದು ಗಸಿಯಾಗುತ್ತದೆ. ಆದ್ದರಿಂದ ಮೊದಲು ನಾರ್ಮಲ್ ಸಲೈನ್‌ನಿಂದ ಪೈಪು ತೊಳೆದು, 5–10 ಸೆಕೆಂಡಿನಲ್ಲಿ ಒಂದೇ ಸಲ ತಳ್ಳಿ, ಮತ್ತೆ ಸಲೈನ್‌ನಿಂದ ತೊಳೆಯಿರಿ. ಕೊಟ್ಟ ಹೊತ್ತನ್ನು ನಿಮಿಷ ಸಮೇತ ಬರೆಯಿರಿ.

ಕ್ಲೋಪಿಡೋಗ್ರೆಲ್ ಕಿರಿಯರಿಗೆ 300 ಮಿ.ಗ್ರಾಂ, 75 ದಾಟಿದವರಿಗೆ 75 ಮಿ.ಗ್ರಾಂನ ಒಂದೇ ಮಾತ್ರೆ. ಹೊಸ ಹೆಪ್ಪುಗಟ್ಟದಂತೆ ತಡೆಯುವ ಎನೊಕ್ಸಾಪರಿನ್ ಇಂಜೆಕ್ಷನ್ ಕಿರಿಯರಿಗೆ ನರಕ್ಕೆ 30 ಮಿ.ಗ್ರಾಂ ಕೊಟ್ಟು ಶುರು ಮಾಡುತ್ತೇವೆ. ಹಿರಿಯರಿಗೆ ಅದು ಬೇಡ, ನೇರ ಹೊಟ್ಟೆಯ ಚರ್ಮದಡಿ ಕಿಲೋಗೆ 0.75 ಮಿ.ಗ್ರಾಂ, 12 ತಾಸಿಗೊಮ್ಮೆ. ಆಮೇಲೆ ಮಾಂಸಖಂಡಕ್ಕೆ ಯಾವ ಇಂಜೆಕ್ಷನ್ನೂ ಬೇಡ.

60ರಿಂದ 90 ನಿಮಿಷಕ್ಕೆ ಮತ್ತೆ ಈಸಿಜಿ. ಎಸ್‌ಟಿ ಅರ್ಧಕ್ಕಿಂತ ಹೆಚ್ಚು ಇಳಿದಿದ್ದರೆ ನಾಳ ತೆರೆದಿದೆ, 2ರಿಂದ 24 ತಾಸಿನೊಳಗೆ ಆಂಜಿಯೋಗ್ರಾಂ ಆಗುವಂತೆ ಕಳಿಸಿ. ಇಳಿಯದಿದ್ದರೆ ಆಂಜಿಯೋಪ್ಲಾಸ್ಟಿ ತಕ್ಷಣ ಬೇಕು. ನಿಜ ಹೇಳಬೇಕೆಂದರೆ, ಕಳಿಸಲು ಈ 90 ನಿಮಿಷ ಕಾಯುವುದೇ ತಪ್ಪು. ಇಂಜೆಕ್ಷನ್ ತಳ್ಳಿದ ಕೂಡಲೇ ಆಂಬುಲೆನ್ಸ್ ಹೊರಡಲಿ, ಎರಡನೇ ಈಸಿಜಿ ದಾರಿಯಲ್ಲೋ ದೊಡ್ಡ ಆಸ್ಪತ್ರೆಯಲ್ಲೋ ಆಗಲಿ. ಹೊಸ ತಲೆನೋವು, ವಾಂತಿ, ತೊದಲು, ಮಂಪರು ಕಂಡರೆ ಎನೊಕ್ಸಾಪರಿನ್ ನಿಲ್ಲಿಸಿ, ಸಿಟಿ ಸ್ಕ್ಯಾನ್ ಇರುವ ಕಡೆ ಓಡಿಸಿ.

ಕ್ರಿಯಾಟಿನಿನ್ 1.4 ಎಂಬ ಮೋಸ

ಎಸ್‌ಟಿ ಏರದ, ರಕ್ತದಲ್ಲಿ ಟ್ರೋಪೋನಿನ್ (ಪೆಟ್ಟಾದ ಹೃದಯ ಸ್ನಾಯುವಿನಿಂದ ಬರುವ ಪ್ರೋಟೀನ್) ಮಾತ್ರ ಏರಿದ ಹೃದಯಾಘಾತಕ್ಕೆ ಹೆಪ್ಪು ಕರಗಿಸುವ ಔಷಧ ಕೊಡುವಂತಿಲ್ಲ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಎನೊಕ್ಸಾಪರಿನ್, ಸ್ಟಾಟಿನ್ ಕೊಟ್ಟು ಕಳಿಸಿ. ಟ್ರೋಪೋನಿನ್ ಕಿಟ್ಟು ಮೊದಲ ಮೂರ್ನಾಲ್ಕು ತಾಸು ನೆಗೆಟಿವ್ ತೋರಿಸಬಹುದು, ಒಂದೇ ಸಲ ನೋಡಿ ಮನೆಗೆ ಕಳಿಸಬೇಡಿ. ಕಿಡ್ನಿ ಸೊರಗಿದ ಹಿರಿಯರಲ್ಲಿ ಅದು ಸದಾ ಸ್ವಲ್ಪ ಏರಿಯೇ ಇರುತ್ತದೆ, ಎರಡನೇ ಸಲಕ್ಕೆ ಎಷ್ಟು ಬದಲಾಯಿತು ಎಂಬುದೇ ಮುಖ್ಯ.

ಎನೊಕ್ಸಾಪರಿನ್ ಕೊಡುವ ಮುನ್ನ, ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತ ಶುದ್ಧ ಮಾಡುತ್ತಿದೆ ಎಂಬ ಒಂದು ಲೆಕ್ಕ ಹಾಕಿ. 82 ವರ್ಷ, 45 ಕಿಲೋದ ಅಜ್ಜಿ, ಕ್ರಿಯಾಟಿನಿನ್ (ಮಾಂಸಖಂಡದಲ್ಲಿ ಹುಟ್ಟಿ ಕಿಡ್ನಿ ಹೊರಹಾಕುವ ಕಸ) 1.4. ರಿಪೋರ್ಟ್ ನೋಡಿದರೆ ‘ಸ್ವಲ್ಪ ಜಾಸ್ತಿ’ ಅಷ್ಟೇ ಅನಿಸುತ್ತದೆ. 140ರಲ್ಲಿ 82 ಕಳೆದರೆ 58. ಅದನ್ನು 45ರಿಂದ ಗುಣಿಸಿದರೆ 2610. 72ನ್ನು 1.4ರಿಂದ ಗುಣಿಸಿದರೆ 100.8. ಭಾಗಿಸಿದಾಗ ಸುಮಾರು 26, ಹೆಂಗಸಾದ್ದರಿಂದ 0.85ರಿಂದ ಗುಣಿಸಿದರೆ 22. ನಿಮಿಷಕ್ಕೆ 22 ಮಿ.ಲೀ.! ಕಿಡ್ನಿಯ ಬಹುಪಾಲು ಶಕ್ತಿ ಹೋಗಿದೆ. ಮಾಂಸವೇ ಇಲ್ಲದ ಮೈಯಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ, ಅದಕ್ಕೇ ಆ ಅಂಕಿ ಮೋಸ ಮಾಡುತ್ತದೆ. ಈ ಲೆಕ್ಕ 30ಕ್ಕಿಂತ ಕೆಳಗೆ ಬಂದರೆ ಎನೊಕ್ಸಾಪರಿನ್ ಕಿಲೋಗೆ 1 ಮಿ.ಗ್ರಾಂ ದಿನಕ್ಕೆ ಒಂದೇ ಸಲ. ಈ ಅಜ್ಜಿಗೆ 45 ಮಿ.ಗ್ರಾಂ. ಹೊಟ್ಟೆಯ ರಕ್ತಸ್ರಾವ ತಡೆಯಲು ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ ಜೊತೆಗಿರಲಿ.

ದಮ್ಮು ಹತ್ತಿ, ಕುಳಿತೇ ಬಂದವರು

ಶ್ವಾಸಕೋಶದಲ್ಲಿ ನೀರು ತುಂಬಿದವರನ್ನು ಕಾಲು ಇಳಿಬಿಟ್ಟು ಕೂರಿಸಿ. ಗೊರಗೊರ ಸದ್ದು, ಬೆವರು, ಬಿಪಿ ಏರಿಕೆ ಇದ್ದರೆ ರಕ್ತನಾಳ ಹಿಗ್ಗಿಸುವ ನೈಟ್ರೋಗ್ಲಿಸರಿನ್, ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್‌ಗಿಂತ ಬೇಗ ಕೆಲಸ ಮಾಡುತ್ತದೆ. 25 ಮಿ.ಗ್ರಾಂನ ಆಂಪ್ಯೂಲನ್ನು ಸಲೈನ್ ಸೇರಿಸಿ 50 ಮಿ.ಲೀ. ಮಾಡಿ ಸಿರಿಂಜ್ ಪಂಪಿನಲ್ಲಿಡಿ. ತಾಸಿಗೆ 1.2 ಮಿ.ಲೀ. ಎಂದರೆ ನಿಮಿಷಕ್ಕೆ 10 ಮೈಕ್ರೋಗ್ರಾಂ. ಐದೈದು ನಿಮಿಷಕ್ಕೆ ಬಿಪಿ ನೋಡುತ್ತ ಏರಿಸಿ, ಮೇಲಿನ ಬಿಪಿ 110ಕ್ಕಿಂತ ಕೆಳಗಿಳಿಯದಿರಲಿ. ಕತ್ತಿನವರೆಗೆ ಕೇಳುವ ಒರಟು ಮರ್ಮರ ಇದ್ದರೆ ಮಹಾಪಧಮನಿಯ ಕವಾಟ ಕಿರಿದಾಗಿರಬಹುದು. ಈ ವಯಸ್ಸಿನಲ್ಲಿ ಅದು ಅಪರೂಪವಲ್ಲ, ಅಂಥವರಿಗೆ ಅತಿ ಕಡಿಮೆಯಿಂದ, ಬಹಳ ನಿಧಾನವಾಗಿ.

ಲ್ಯಾಸಿಕ್ಸ್ ಮೊದಲ ಸಲ ತೆಗೆದುಕೊಳ್ಳುವವರಿಗೆ ನರಕ್ಕೆ 20–40 ಮಿ.ಗ್ರಾಂ ಸಾಕು. ಮನೆಯಲ್ಲಿ ದಿನವೂ ಮಾತ್ರೆ ನುಂಗುವವರಿಗೆ, ದಿನದ ಅಳತೆಯಷ್ಟಾದರೂ ನರಕ್ಕೆ ಬೇಕು. ಆರು ತಾಸಿನಲ್ಲಿ ತಾಸಿಗೆ 100–150 ಮಿ.ಲೀ. ಮೂತ್ರ ಬರದಿದ್ದರೆ ಅಳತೆ ದುಪ್ಪಟ್ಟು ಮಾಡಿ. ಆದರೆ ಅದಕ್ಕೂ ಮುಂಚೆ ಕೆಳಹೊಟ್ಟೆ ಮುಟ್ಟಿ ನೋಡಿ. ಪ್ರಾಸ್ಟೇಟ್ ದಪ್ಪಗಾದ ಮುತ್ಯಾನ ಮೂತ್ರಚೀಲ ತುಂಬಿ ಬಿಗಿದಿರುತ್ತದೆ, ನಾವು ಇತ್ತ ‘ಮೂತ್ರವೇ ಬರುತ್ತಿಲ್ಲ’ ಎಂದು ಲ್ಯಾಸಿಕ್ಸ್ ಏರಿಸುತ್ತಿರುತ್ತೇವೆ. ಆಕ್ಸಿಜನ್ ಹಾಕಿಯೂ ಉಸಿರು ನಿಮಿಷಕ್ಕೆ 25 ದಾಟಿದ್ದರೆ ಒತ್ತಡದಲ್ಲಿ ಗಾಳಿ ತಳ್ಳುವ ಬೈಪ್ಯಾಪ್ ಮಾಸ್ಕ್ ಹಚ್ಚಿ. ಹಲ್ಲಿನ ಸೆಟ್ ತೆಗೆದಿದ್ದರೆ ಗಲ್ಲ ಒಳಹೋಗಿ ಗಾಳಿ ಸೋರುತ್ತದೆ. ಸೆಟ್ ಬಿಗಿಯಾಗಿದ್ದು, ರೋಗಿ ಎಚ್ಚರವಿದ್ದರೆ ಅದನ್ನು ಬಾಯಲ್ಲೇ ಬಿಡಿ.

ನಾಡಿ ನಿಧಾನ: ಬೇಸಿಗೆಯ ಕಾಯಿಲೆ

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ಬಿಸಿಲು 40 ಡಿಗ್ರಿ ದಾಟಿದಾಗ ಇದರ ಮೇಲೆ ವಿಶೇಷ ಕಣ್ಣಿಡಿ. ಬಿಪಿಗೆ ಮೆಟೊಪ್ರೊಲೋಲ್ ಅಥವಾ ಅಟೆನೊಲೋಲ್, ಜೊತೆಗೆ ಟೆಲ್ಮಿಸಾರ್ಟನ್, ಸ್ಪಿರೊನೊಲ್ಯಾಕ್ಟೋನ್ ನುಂಗುತ್ತಿರುವ ಅಜ್ಜಿಗೆ ಎರಡು ದಿನ ವಾಂತಿಭೇದಿ. ನೀರು ಕಡಿಮೆಯಾಗಿ ಕಿಡ್ನಿ ಸೋಲುತ್ತದೆ. ಪೊಟ್ಯಾಸಿಯಂ ಏರುತ್ತದೆ, ಅಟೆನೊಲೋಲ್‌ನಂಥ ಮಾತ್ರೆ ಮೈಯಲ್ಲೇ ಉಳಿಯುತ್ತದೆ. ಎರಡೂ ಸೇರಿ ನಾಡಿ 35ಕ್ಕಿಳಿಯುತ್ತದೆ. ನಾಡಿ ಇಳಿದರೆ ಕಿಡ್ನಿಗೆ ರಕ್ತ ಇನ್ನೂ ಕಡಿಮೆ. ಹೀಗೆ ಒಂದು ಇನ್ನೊಂದನ್ನು ಎಳೆಯುತ್ತ ಮನುಷ್ಯ ಕುಸಿಯುತ್ತಾನೆ. ಸುಸ್ತಿಗೆಂದು ಮನೆಯವರು ಕುಡಿಸಿದ ಎಳನೀರು ಪೊಟ್ಯಾಸಿಯಂ ಅನ್ನು ಇನ್ನಷ್ಟು ಏರಿಸಿರುತ್ತದೆ.

ಈಸಿಜಿಯಲ್ಲಿ ಪಿ ಅಲೆ ಮಾಯವಾಗಿ, ಕ್ಯೂಆರ್‌ಎಸ್ ಅಗಲವಾಗಿ, ಟಿ ಗುಡಾರದಂತೆ ಎದ್ದಿದ್ದರೆ ಲ್ಯಾಬ್ ರಿಪೋರ್ಟಿಗೆ ಕಾಯಬೇಡಿ. 10 ಪ್ರತಿಶತದ ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿ.ಲೀ. ಅನ್ನು 5 ನಿಮಿಷದಲ್ಲಿ ನರಕ್ಕೆ ಕೊಡಿ, ಮಾನಿಟರಿನ ಗೆರೆ ಕಿರಿದಾಗದಿದ್ದರೆ ಐದು ನಿಮಿಷ ಬಿಟ್ಟು ಮತ್ತೊಮ್ಮೆ. ಗೆರೆ ಸರಿಯಾಗುವುದು ಕಣ್ಣೆದುರೇ ಕಾಣುತ್ತದೆ. ಅದರ ಕಾವಲು ಅರ್ಧ ತಾಸಿನಿಂದ ಒಂದು ತಾಸು ಮಾತ್ರ. ಅಷ್ಟರಲ್ಲಿ 25 ಪ್ರತಿಶತದ ಡೆಕ್ಸ್ಟ್ರೋಸ್ 100 ಮಿ.ಲೀ. ಜೊತೆ ರೆಗ್ಯುಲರ್ ಇನ್ಸುಲಿನ್ ಕೊಡಿ. ರೂಢಿಯ ಅಳತೆ 10 ಯೂನಿಟ್. ಸಣ್ಣ ಮೈಯ, ಕಿಡ್ನಿ ಸೋತ ಹಿರಿಯರಿಗೆ 5 ಕೊಟ್ಟರೂ ನಡೆದೀತು. ಆರು ತಾಸು ತಾಸಿಗೊಮ್ಮೆ ಸಕ್ಕರೆ ನೋಡಿ. ಮೈ ಒಣಗಿದ್ದರೆ ಸಲೈನ್ 250 ಮಿ.ಲೀ.ಯಂತೆ, ಪ್ರತಿ ಸಲವೂ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿ ಮುಂದುವರಿಯಿರಿ.

ಪೊಟ್ಯಾಸಿಯಂ ಕಾರಣವಲ್ಲದ ಹಾರ್ಟ್ ಬ್ಲಾಕ್‌ನಲ್ಲಿ ಬಿಪಿ ಬಿದ್ದಿದ್ದರೆ ಅಟ್ರೋಪಿನ್ 0.6 ಮಿ.ಗ್ರಾಂ, 3–5 ನಿಮಿಷಕ್ಕೊಮ್ಮೆ, ಒಟ್ಟು 3 ಮಿ.ಗ್ರಾಂ ದಾಟದಂತೆ. ಅರ್ಧ ಆಂಪ್ಯೂಲ್ ಕೊಟ್ಟರೆ ನಾಡಿ ಇನ್ನೂ ಇಳಿಯಬಹುದು. ಕೇಳದಿದ್ದರೆ ಡೋಪಮಿನ್: 200 ಮಿ.ಗ್ರಾಂ ಅನ್ನು 50 ಮಿ.ಲೀ.ಗೆ ಸೇರಿಸಿದರೆ 50 ಕಿಲೋದವರಿಗೆ ತಾಸಿಗೆ 3.75 ಮಿ.ಲೀ. ಎಂದರೆ ಕಿಲೋಗೆ, ನಿಮಿಷಕ್ಕೆ 5 ಮೈಕ್ರೋಗ್ರಾಂ. ಡಿಫಿಬ್ರಿಲೇಟರಿನಲ್ಲಿ ಪೇಸಿಂಗ್ ಇದ್ದರೆ ಪ್ಯಾಡ್ ಅಂಟಿಸಿಯೇ ಆಂಬುಲೆನ್ಸ್ ಹತ್ತಿಸಿ.

ನಾಡಿ ವೇಗವಾಗಿ, ತಾಳ ತಪ್ಪಿದ್ದರೆ ಹೆಚ್ಚಾಗಿ ಅದು ಏಟ್ರಿಯಲ್ ಫಿಬ್ರಿಲೇಷನ್. ಬಿಪಿ ಕುಸಿದಿದ್ದರೆ ಸಿಂಕ್ರೊನೈಸ್ ಮಾಡಿದ ಶಾಕ್. ಇಲ್ಲವಾದರೆ ಮೊದಲು ಜ್ವರ, ನ್ಯುಮೋನಿಯಾ, ರಕ್ತಹೀನತೆ ಹುಡುಕಿ, ಅವೇ ನಾಡಿಯನ್ನು ಓಡಿಸುತ್ತಿರುತ್ತವೆ. ಮುಂದೆ ರಕ್ತ ತೆಳುವಾಗಿಸುವ ಅಪಿಕ್ಸಬಾನ್ ಶುರು ಮಾಡುವಾಗ 80 ವರ್ಷ ಅಥವಾ ಹೆಚ್ಚು, 60 ಕಿಲೋ ಅಥವಾ ಕಡಿಮೆ ತೂಕ, ಕ್ರಿಯಾಟಿನಿನ್ 1.5 ಅಥವಾ ಹೆಚ್ಚು, ಈ ಮೂರರಲ್ಲಿ ಎರಡಿದ್ದರೆ 5ರ ಬದಲು 2.5 ಮಿ.ಗ್ರಾಂ, ದಿನಕ್ಕೆರಡು ಸಲ.

ಕಳಿಸುವಾಗ, ಮನೆಗೆ ಬಂದ ಮೇಲೆ

ಎರಡು ಐವಿ ಸೂಜಿಗಳನ್ನೂ ಎಡಗೈಗೇ ಹಾಕಿ, ಬಲ ಮಣಿಕಟ್ಟು ಆಂಜಿಯೋಗ್ರಾಂಗೆ ಬೇಕು. ಎಲ್ಲ ಈಸಿಜಿಗಳ ನಕಲು, ಔಷಧ ಕೊಟ್ಟ ಹೊತ್ತು ಮತ್ತು ಅಳತೆ, ಮನೆಯ ಮಾತ್ರೆಗಳ ಚೀಲ ಜೊತೆಗಿರಲಿ. ಬಿಪಿಎಲ್ ಕಾರ್ಡ್, ಆಧಾರ್ ಮರೆತು ಹೋದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಕಾಗದಪತ್ರ ತಡವಾಗುತ್ತದೆ, ಒಬ್ಬರನ್ನು ಮನೆಗೆ ಓಡಿಸಿ. ಕನ್ನಡಕ, ಕಿವಿಯ ಮಷಿನ್ ಕಳಿಸುವುದನ್ನು ಸಣ್ಣದೆಂದು ಬಿಡಬೇಡಿ. ಐಸಿಯುದಲ್ಲಿ ಕಣ್ಣು ಕಾಣದೆ, ಕಿವಿ ಕೇಳದೆ ಗಾಬರಿಯಾದ ಹಿರಿಯರು ಸೂಜಿ ಕಿತ್ತು ಎದ್ದು ಬೀಳುತ್ತಾರೆ.

‘ಇಷ್ಟ ವಯಸ್ಸಾದ ಮ್ಯಾಲೆ ಯಾಕ್ರೀ ಡಾಕ್ಟ್ರ?’ ಎಂದು ಮಗ ಕೇಳಿದರೆ ಸಿಟ್ಟಾಗಬೇಡಿ. ಅದರ ಹಿಂದೆ ಖರ್ಚಿನ ಭಯ ಇರುತ್ತದೆ, ನೋವು ಕೊಡುವ ಸಂಕಟವೂ ಇರುತ್ತದೆ. ಎರಡಕ್ಕೂ ಬೇರೆಬೇರೆ ಉತ್ತರ ಕೊಡಿ. ಮತ್ತು ಎಚ್ಚರವಿದ್ದರೆ ಮೊದಲು ಕೇಳಬೇಕಾದದ್ದು ಮುತ್ಯಾನನ್ನೇ.

ಮನೆಗೆ ಬಂದ ಮೇಲೆ ಮತ್ತೆ ದಮ್ಮು ಹತ್ತಿಸುವುದು ಹೆಚ್ಚಾಗಿ ಮೊಣಕಾಲ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಉಪ್ಪುನೀರನ್ನು ಮೈಯಲ್ಲೇ ಹಿಡಿಯುತ್ತವೆ, ಕಿಡ್ನಿಯನ್ನೂ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಬರೆದುಕೊಡಿ, ಮೆಡಿಕಲ್ ಅಂಗಡಿಯಲ್ಲಿ ತಾವೇ ಕೇಳಿ ತರಬಾರದೆಂದು ಸೊಸೆ, ಮೊಮ್ಮಕ್ಕಳಿಗೂ ತಿಳಿಸಿ. ರೊಟ್ಟಿಯ ಜೊತೆಗಿನ ಉಪ್ಪಿನಕಾಯಿ, ಹಪ್ಪಳ ಬಿಡಿಸಿ. ಶೇಂಗಾ ಹಿಂಡಿ, ಅಗಸಿ ಹಿಂಡಿಯನ್ನು ಉಪ್ಪು ಕಡಿಮೆ ಹಾಕಿ ಬೇರೆ ಕುಟ್ಟಿಕೊಡಲಿ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ಚಹಾ ಕುಡಿಯುವ ಮುಂಚೆ ತೂಕ ನೋಡಲಿ. ಮೂರು ದಿನದಲ್ಲಿ 2 ಕಿಲೋ ಏರಿದರೆ ದಮ್ಮಿಗೆ ಕಾಯದೆ ಬರಲಿ. ವಾಂತಿಭೇದಿ ಶುರುವಾದ ದಿನ ಲ್ಯಾಸಿಕ್ಸ್, ಸ್ಪಿರೊನೊಲ್ಯಾಕ್ಟೋನ್, ಟೆಲ್ಮಿಸಾರ್ಟನ್ ಮುಟ್ಟದೆ ಆಸ್ಪತ್ರೆಗೆ ಫೋನ್ ಮಾಡಬೇಕೆಂದು ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದುಕೊಡಿ. ಒಂದು ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷೆಗೆ ಬರಬೇಕಾದ ತಾರೀಖನ್ನೂ ಅದೇ ಚೀಟಿಯ ಮೇಲೆ ಹಾಕಿ.